ಜೋಲಿ ಪುಟದಿಂದ ವಾಪಸ್ ಹೋದವರು

ಸಾನ್ ಹಸಿಂತೋ ಎಂಬ ಊರಿನ ಹೆದ್ದಾರಿ ಬದಿಯಲ್ಲಿ ತೂಗುಹಾಸಿಗೆ ಮಾರುವ ಅಂಗಡಿಗಳ ಸಾಲಿದೆ. ಬಸ್ಸು ನಿಲ್ಲುತ್ತದೆ. ಜನ ಇಳಿಯುತ್ತಾರೆ, ಮುಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ಅಲ್ಲೇ ಅಂಗಡಿ ಇಟ್ಟಿರುವ ಉಬಾಲ್ದಿನಾಗೆ ಇದು ಹೊಸದಲ್ಲ. ಆದರೆ ಅವಳ ಅಂಗಡಿಯ ವೆಬ್‌ಸೈಟಿನಲ್ಲೂ ಅದೇ ಕಥೆ. ಮೊದಲ ಪುಟದ ಕೆಳಗೆ, ಎಷ್ಟು ಜನ ಬಂದರೆಂದು ತೋರಿಸುವ ಒಂದು ಕೌಂಟರ್ ಇತ್ತು. ಅಂಕಿ ದಿನಾ ಏರುತ್ತಿತ್ತು. ಆರ್ಡರ್ ಮಾತ್ರ ಅಪರೂಪ. ಮಕ್ಕಳ ಜೋಲಿಗಂತೂ ಒಂದೂ ಇಲ್ಲ.

ಜೋಲಿ ನೇಯುವವಳು ಅವಳ ಅಕ್ಕ ರೋಸ್ಮಿರಾ. ಮಂಡಿ ಹೋಗಿದೆ, ದೊಡ್ಡ ಮಗ್ಗದ ಮುಂದೆ ನಿಲ್ಲಲಾಗುವುದಿಲ್ಲ. ಕೂತು ನೇಯುವ ಚಿಕ್ಕ ಮಗ್ಗವೊಂದೇ ಅವಳಿಗೆ ಉಳಿದಿರುವುದು.

"ಆ ಮಗ್ಗ ಬಿಚ್ಚಿಬಿಡೋಣ ಅಕ್ಕಾ," ಅಂದಳು ಉಬಾಲ್ದಿನಾ. "ಇಷ್ಟೊಂದು ಜನ ನೋಡಿದ್ದಾರೆ, ಯಾರಿಗೂ ಜೋಲಿ ಬೇಡ. ನೀನು ಅಡುಗೆ ನೋಡ್ಕೋ."

"ನೀನು ಮಾಡಿದ್ದು ತಿನ್ನೋದಕ್ಕಿಂತ ಅದೇ ವಾಸಿ ಬಿಡು," ಅಂದಳು ರೋಸ್ಮಿರಾ. ಕೈ ಮಾತ್ರ ನೂಲು ಬಿಡಲಿಲ್ಲ.

ಅಷ್ಟರಲ್ಲಿ, ಈ ಮಾತು ಕೇಳಿಸಿಕೊಳ್ಳುತ್ತಲೇ ಯಾನೆಲಿಸ್ ಬಂದಳು. ರಸ್ತೆಯಾಚೆ ತಂಗುಮನೆ ನಡೆಸುವವಳು, ಅದಕ್ಕೂ ವೆಬ್‌ಸೈಟಿದೆ. ಉಬಾಲ್ದಿನಾಳ ಮಗನಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದಾಗ ಎರಡನೇ ತಾಯಿಯಾಗಿ ನಿಂತವಳು. ಅವತ್ತಿನಿಂದ ಇಬ್ಬರೂ ಪರಸ್ಪರ ಕೊಮಾದ್ರೆ.

"ಕೊಮಾದ್ರೆ, ನಿನ್ನ ಕೌಂಟರ್ ಕಂಪನಿಯೋರು ಅಂಗಡಿ ಮುಚ್ತಿದ್ದಾರಂತೆ. ಲೆಕ್ಕ ಇಡೋ ಹೊಸ ಸಾಧನ ಹಾಕಿಸ್ಕೊಂಡ್ಯಾ?"

"ಹಳೇದೇ ಚೆನ್ನಾಗಿ ಓಡ್ತಿದೆ. ನೋಡು, ಎಂಥ ಅಂಕಿ!"

"ಬಂದೋರು ಏನು ನೋಡಿದ್ರು ಅಂತ ಹೇಳುತ್ತಾ ಅದು?"

"ಬಂದ್ರಲ್ಲ, ಸಾಕು. ಸಂಬಂಧ ಬೆಳೆಸೋಕೆ ಹೊರಟಿದ್ದೀವಾ, ಎಲ್ಲಾ ವಿಚಾರಿಸೋಕೆ?"

"ಸರಿ, ಆ ಪುಟಾನ ನೀನು ದಿನಕ್ಕೆ ಎಷ್ಟು ಸಲ ತೆಗೀತೀಯ?"

"ಕಾಫಿ ಕುಡೀವಾಗೆಲ್ಲ. ಬಾರಂಕಿಯಾದಲ್ಲಿರೋ ತಂಗಿ, ಅವಳ ಮಕ್ಕಳು, ನಮ್ಮ ಬೀದಿಯೋರು, ಎಲ್ಲರೂ ತೆಗೀತಾರೆ. ಅಂಕಿ ಏರಲಿ ಅಂತ ನಾನೇ ಹೇಳಿದ್ದೀನಿ."

"ಅಂದ್ರೆ ನಿನ್ನ ಅಂಗಡಿ ಮುಂದೆ ದಿನಾ ಬಸ್ಸಿಳೀತಿರೋಳು ನೀನೇ!"

ಮೊದಲು ನಕ್ಕವಳು ರೋಸ್ಮಿರಾ. ಉಬಾಲ್ದಿನಾ ಮುಖ ಊದಿಸಿಕೊಂಡಳು.

"ಕೋಪ ಬೇಡ," ಅಂದಳು ಯಾನೆಲಿಸ್. "ಅಂಗಡಿಗೆ ಗಿರಾಕಿ ಬಂದ್ರೆ ನೀನು ಏನು ಗಮನಿಸ್ತೀಯ?"

"ಕೈ. ಮೊದಲು ಯಾವುದನ್ನ ಮುಟ್ತು, ಎಲ್ಲಿ ತಡೀತು, ಎಲ್ಲಿಂದ ಹಿಂದೆ ಬಂತು. ಬಾಯಿ ಏನು ಬೇಕಾದ್ರೂ ಹೇಳುತ್ತೆ."

"ಹೊಸ ಸಾಧನ ನೋಡೋದೂ ಅದನ್ನೇ. ಯಾವ ಪುಟಕ್ಕೆ ಹೋದ್ರು, ಎಷ್ಟು ಹೊತ್ತಿದ್ರು, ಎಲ್ಲಿಂದ ವಾಪಸ್ ಹೋದ್ರು."

"ಜನರ ಬೆನ್ನು ಬೀಳೋ ಕೆಲಸ ನಂಗೆ ಬೇಡ."

"ನಂಗೂ ಬೇಡ. ಹೆಸರು, ಫೋನ್ ನಂಬರು ಕೇಳಲ್ಲ. ಲೆಕ್ಕಕ್ಕೆ ಸೇರಿಸ್ಕೋಬಹುದಾ ಅಂತ ಮೊದಲೇ ಕೇಳ್ತೀವಿ. ಬೇಡ ಅಂದೋರನ್ನ ಬಿಡ್ತೀವಿ. ಒಂದು ತಿಂಗಳು ನೋಡು. ಅಲ್ಲೀವರೆಗೆ ಮಗ್ಗ ಬಿಚ್ಚಬೇಡ."

ಕೊಮಾದ್ರೆಯರಿಬ್ಬರೂ ಕೂತರು. ಹಳೆಯ ಅಂಕಿಗಳನ್ನು ಮೊದಲು ಇಳಿಸಿಟ್ಟುಕೊಂಡರು, ಕಂಪನಿ ಮುಚ್ಚಿದ ಮೇಲೆ ಅವು ಸಿಗುವುದಿಲ್ಲ. ಹಳೆಯ ಕೌಂಟರ್ ಕಿತ್ತು, ಹೊಸ ಸಾಧನವನ್ನು ಪ್ರತಿ ಪುಟಕ್ಕೂ ಜೋಡಿಸಿದರು. ಮನೆಯವರ ಫೋನುಗಳನ್ನು ಲೆಕ್ಕದಿಂದ ಹೊರಗಿಟ್ಟರು.

ಅಂಕಿ ನೆಲಕಚ್ಚಿತು.

"ಇಷ್ಟೇನಾ?" ಅಂದಳು ಉಬಾಲ್ದಿನಾ.

"ಇಷ್ಟೇ. ಆದರೆ ಇವರು ಹೊರಗಿನಿಂದ ಬಂದೋರು."

ತಿಂಗಳ ಕೊನೆಗೆ ನೋಡಿದರೆ, ಬಂದವರಲ್ಲಿ ಹೆಚ್ಚಿನವರು ನೇರ ಜೋಲಿಯ ಪುಟಕ್ಕೇ ಹೋಗಿದ್ದರು. ಸುಮಾರು ಹೊತ್ತು ನಿಂತಿದ್ದರು. ಬಹುತೇಕ ಎಲ್ಲರೂ ಫೋನಿನಿಂದ. ಎಲ್ಲರೂ ಅಲ್ಲಿಂದಲೇ ವಾಪಸ್.

ಉಬಾಲ್ದಿನಾ ಮೊದಲ ಸಲ ತನ್ನ ಫೋನಿನಲ್ಲಿ ಆ ಪುಟ ತೆಗೆದಳು. ಕೌಂಟರ್ ಇದ್ದದ್ದು ಮೊದಲ ಪುಟದಲ್ಲಿ, ಮನೆಯವರು ಯಾರೂ ಅದನ್ನು ದಾಟಿರಲಿಲ್ಲ. ಜೋಲಿಯ ಫೋಟೊ ಪರದೆ ತುಂಬ ಹರಡಿತ್ತು. ಆರ್ಡರ್ ಗುಂಡಿ ಅದರಡಿ ಸಿಕ್ಕಿಕೊಂಡಿತ್ತು. ಎಷ್ಟು ಒತ್ತಿದರೂ ಕೆಲಸ ಮಾಡಲಿಲ್ಲ.

"ಬಾಗಿಲು ನಾನೇ ಹಾಕ್ಕೊಂಡು, ನಿನ್ನ ಜೋಲೀನ ಬೈದೆ," ಅಂದಳು ಅಕ್ಕನಿಗೆ.

ಅಷ್ಟು ವರ್ಷ ಹೆಮ್ಮೆಪಟ್ಟ ಅಂಕಿಯನ್ನು ಎಲ್ಲರೆದುರು ಸುಳ್ಳೆಂದು ಒಪ್ಪುವುದು ಸಣ್ಣ ಮಾತಲ್ಲ. ಅವಳು ಒಪ್ಪಿದಳು. ಕ್ಷಮೆ ಗಿಮೆ ಕೇಳಲಿಲ್ಲ. ಬಗ್ಗಿ, ಚಿಕ್ಕ ಮಗ್ಗದ ಸಡಿಲಾದ ಕಾಲನ್ನು ಹಗ್ಗದಿಂದ ಬಿಗಿದು ಕಟ್ಟಿದಳು.

ಅವತ್ತೇ ಗುಂಡಿ ಸರಿಪಡಿಸಿದರು. ಪವಾಡವೇನೂ ಆಗಲಿಲ್ಲ. ಸ್ವಲ್ಪ ದಿನಕ್ಕೆ ದೂರದ ಬುಕಾರಮಾಂಗ ನಗರದ ಒಬ್ಬ ಬಸುರಿ ಹಳದಿ ಜೋಲಿ ಕೇಳಿದಳು. ಆಮೇಲೆ ಅವಳ ಗೆಳತಿ. ಸಾಧನ ಜೋಲಿ ಮಾರಲಿಲ್ಲ. ಮಾರಿದ್ದು ರೋಸ್ಮಿರಾಳ ನೇಯ್ಗೆ. ಅದಕ್ಕೆ ಅಡ್ಡ ಬಿದ್ದದ್ದು ಏನೆಂದು ಸಾಧನ ತೋರಿಸಿತು, ಅಷ್ಟೇ.

"ಅಕ್ಕಾ, ಗೆಣಸು ಬೇಯೋಕೆ ಇಟ್ಯಾ?" ಎಂದು ಉಬಾಲ್ದಿನಾ ಅಂಗಡಿಯಿಂದ ಕೂಗಿದಳು.

"ನೀನೇ ಇಟ್ಕೋ," ಅಂತ ಒಳಗಿನಿಂದ ಉತ್ತರ ಬಂತು. "ನಂಗೆ ಪುರುಸೊತ್ತಿಲ್ಲ."

ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಇಟ್ಟುಕೊಂಡಿರುವವರೇ, ನಿಮ್ಮ ಕೌಂಟರ್ ಹಳೆಯದಾಗಿದ್ದರೆ ಅದು ನಿಲ್ಲುವ ಮೊದಲೇ ಬದಲಿಸಿ. ಹಳೆಯ ಲೆಕ್ಕ ಉಳಿಸಿಕೊಳ್ಳಿ, ನಿಮ್ಮ ಫೋನನ್ನು ಲೆಕ್ಕದಿಂದ ಬಿಡಿ, ಬಂದವರ ಒಪ್ಪಿಗೆ ಕೇಳಿ. ಅಂಕಿ ಚಿಕ್ಕದಾದರೆ ಹೆದರಬೇಡಿ. ಇವತ್ತೇ ನಿಮ್ಮ ಫೋನಿನಲ್ಲಿ ನಿಮ್ಮ ಅಂಗಡಿಯ ಕೊನೆಯ ಪುಟದವರೆಗೂ ಹೋಗಿ ನೋಡಿ. ನಿಮ್ಮ ಮನೆಯಲ್ಲೂ ಯಾರದೋ ಮಗ್ಗ ಬಿಚ್ಚುವ ಮಾತು ನಡೆದಿರಬಹುದು.