ನಾಡಿ ಹಿಡೀರಿ

"ಹಿಂದ ಸರೀಲೇ ಹಲ್ಕಟ್! ಎಷ್ಟ ಸಲ ಹೇಳ್ಬೇಕ ನಿಮಗ, ಬಾಟ್ಲಿ ಇಟ್ಟ ಕೂಡ್ಲೇ ಕಲ್ಲ ಬಿಟ್ಟ ದೂರ ನಿಂದ್ರಬೇಕಂತ?"

ದವಾಖಾನೆಯ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದವನು ಕಂಪೌಂಡರ್ ಅಂದಾನೆಪ್ಪ. ಅಂಗಳದಲ್ಲಿ ನಿಂತು ಬೈಸಿಕೊಳ್ಳುತ್ತಿದ್ದವನು ಹೊಲಗೇರಿಯ ದಶರಥ. ಚಳಿಜ್ವರ ಅವನನ್ನು ಗಡಗಡ ನಡುಗಿಸುತ್ತಿತ್ತು. ಹೆಂಡತಿ ಕಸ್ತೂರೆವ್ವ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಅವರ ಖಾಲಿ ಬಾಟ್ಲಿ ಚಪ್ಪಡಿಕಲ್ಲಿನ ಮೇಲೆ ಒಂಟಿಯಾಗಿ ಕುಳಿತಿತ್ತು. ಅಂದಾನೆಪ್ಪ ಎರಡು ಮೆಟ್ಟಿಲು ಇಳಿದು, ಪಾತ್ರೆಯನ್ನು ಎತ್ತರಕ್ಕೆ ಹಿಡಿದು ಮೇಲಿನಿಂದ ಔಷಧಿ ಸುರಿದ. ಒಳಗೆ ಹೋದಷ್ಟು ಹೋಯಿತು, ಉಳಿದದ್ದನ್ನು ಕಲ್ಲು ಕುಡಿಯಿತು.

ಕಟ್ಟೆಯ ಮೇಲೆ ಕುಳಿತವರ ಬಾಟ್ಲಿಗಳಿಗೆಲ್ಲ ಒಂದೊಂದು ಕಾಗದದ ಪಟ್ಟಿ ಅಂಟಿಸಿತ್ತು. ಪಟ್ಟಿಯ ಅಂಚಿಗೆ ಕತ್ತರಿಯಿಂದ ಆರು ಕಚ್ಚು. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು. ಓದು ಬಾರದವರಿಗೂ ತಿಳಿಯುವ ಲೆಕ್ಕ. ಆದರೆ ಪಟ್ಟಿ ಅಂಟಿಸಬೇಕಾದರೆ ಬಾಟ್ಲಿಯನ್ನು ಕೈಯಲ್ಲಿ ಹಿಡಿಯಬೇಕಲ್ಲ! ಹೊಲಗೇರಿಯ ಬಾಟ್ಲಿಗೆ ಅಂದಾನೆಪ್ಪ ಜನ್ಮದಲ್ಲಿ ಪಟ್ಟಿ ಅಂಟಿಸಿದವನಲ್ಲ.

"ಯಪ್ಪಾ, ಹೊತ್ತಿಗಿ ಎಷ್ಟ ಕೊಡ್ಲಿರಿ?" ಕಸ್ತೂರೆವ್ವ ಕೇಳಿದಳು.

"ಸೆರೆ ಕುಡಿಯೂ ಮುಂದ ಯಾರನ್ನ ಕೇಳ್ತೀರಿ? ಕುಡೀರಿ ಹೋಗ್ರಿ!"

ಕಟ್ಟೆಯ ಮೇಲಿನವರು ಗೊಳ್ಳೆಂದು ನಕ್ಕರು. ಜಾತ್ರೆಯ ಸೋಗು ನೋಡಿದವರ ಹಾಗೆ ನಕ್ಕರು ಪುಣ್ಯಾತ್ಮರು.

ದಶರಥ ಬರೇ ಕೇರಿಯವನಾಗಿ ಉಳಿದವನಲ್ಲ. ಹನ್ನೊಂದು ವರ್ಷದಿಂದ ಕುಡಚಿ ಸ್ಟೇಷನ್ನಿನ ಮೇಲೆ ಹಾದುಹೋಗುವ ರೈಲಿನಲ್ಲಿ ಫೈರ್‌ಮನ್. ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆದೂ ಎಸೆದೂ ಅವನ ಅಂಗೈ ಚಕ್ಕಳದಂತಾಗಿತ್ತು. ಲಡಾಯಿ ಹತ್ತಿ, ಡ್ರೈವರುಗಳನ್ನು ಮಿಲಿಟರಿ ಗಾಡಿಗಳಿಗೆ ಎಳೆದುಕೊಂಡು ಹೋದ ಮೇಲೆ ಕಂಪನಿಗೆ ಜನರ ಬರ ಬಿತ್ತು. ಅವನ ಡ್ರೈವರ್ ಪೀರಸಾಬ ಮುಂದೆ ನಿಂತು ಡ್ರೈವರ್ ಕೆಲಸಕ್ಕೆ ಅರ್ಜಿ ಬರೆಸಿದ. "ಅರ್ಧಾ ದಾರಿ ನಾ ನಿದ್ದಿ ಮಾಡ್ತೇನಿ, ಗಾಡಿ ಹೊಡ್ಯಾಂವ ಇವನs" ಎಂದು ದೊಡ್ಡ ಸಾಹೇಬರ ಮುಂದೆಯೇ ಹೇಳಿಬಿಟ್ಟ. ಅರ್ಜಿಗೆ ಒಂದೇ ಒಂದು ಕಾಗದ ಕಡಿಮೆ. ಮೈ, ಕಣ್ಣು, ಕಿವಿ ನೆಟ್ಟಗಿವೆ ಎಂದು ತನ್ನ ಸಂಸ್ಥಾನದ ಡಾಕ್ಟರರಿಂದ ಬರೆಸಿ ತರಬೇಕು, ಅದೂ ಎಂಟು ದಿನದೊಳಗೆ. ಊರಿಗೆ ಬಂದ ರಾತ್ರಿಯೇ ಚಳಿಜ್ವರ ಅಮರಿಕೊಂಡಿತು.

"ಡ್ರೈವರ ಆದ್ರ ಗೌಡ್ರೂ ನಾ ಹೊಡ್ಯೂ ಗಾಡ್ಯಾಗs ಕುಂದರಬೇಕ, ಗೊತ್ತೈತೇನ?" ಹಲ್ಲು ಕಟಕಟ ಕಡಿಯುತ್ತ ದವಾಖಾನೆಯಿಂದ ಮರಳುವ ದಾರಿಯುದ್ದಕ್ಕೂ ಅವನು ಹೆಂಡತಿಗೆ ಹೇಳಿದ.

"ಕುಂದರಿಸೀಯಂತ. ಮೊದ್ಲ ನೀ ನೆಟ್ಟಗ ನಡಿ" ಎಂದಳು ಅವಳು.

ಕೇರಿಯವರಿಗೆ ಜ್ವರದ ಮದ್ದೆಂದರೆ ಬೇವಿನ ತೊಗಟೆಯ ಕಷಾಯ. ಅದನ್ನು ಚಮಚದಲ್ಲಿ ಕುಡಿದವರುಂಟೇ? ವಾಟಗದ ತುಂಬ ಬಗ್ಗಿಸಿಕೊಂಡು, ಮೂಗು ಹಿಡಿದು, ಒಂದೇ ಉಸಿರಿಗೆ ಇಳಿಸುವುದು. ಕಸ್ತೂರೆವ್ವ ದವಾಖಾನೆಯ ಔಷಧಿಯನ್ನೂ ಹಾಗೇ ಕೊಟ್ಟಳು. ಅರ್ಧ ಬಾಟ್ಲಿ ಮುಂಜಾನೆ, ಅರ್ಧ ಸಂಜೆ. ಮೂರು ದಿನ, ಮೂರು ಬಾಟ್ಲಿ. ಮರುದಿನವೇ ಬಾಟ್ಲಿ ಖಾಲಿಯಾಗಿ ಬಂದದ್ದು ಹೇಗೆಂದು ಅಂದಾನೆಪ್ಪ ಕೇಳಲಿಲ್ಲ. ಕೇಳಬೇಕಾದರೆ ಮಾತಾಡಿಸಬೇಕಲ್ಲ.

ಜ್ವರ ಬಿಟ್ಟಿತು. ಕಿವಿಯೊಳಗೆ ಜೀರುಂಡೆ ಹೊಕ್ಕಿತು. ಹಗಲೂ ಇರುಳೂ ಜುಂಯ್ ಎನ್ನುವ ಒಂದೇ ರಾಗ. ಹೆಂಡತಿ ಒಲೆಯ ಮುಂದಿನಿಂದ ಕರೆದರೆ ಅವನು ಓಣಿಯ ಕಡೆ ನೋಡುವ ಹಾಗಾಯಿತು. ನೋಡಲು ಬಂದ ಪೀರಸಾಬ ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ: "ಡಾಕ್ಟರನ ಮುಂದ ದವಾದ ಹೆಸರ ತಗೀಬ್ಯಾಡ ಬೇಟಾ. ದವಾ ಅಂದ್ರ ರೋಗ, ರೋಗ ಅಂದ್ರ ನಿನ್ನ ಅರ್ಜಿ ಸೀದಾ ಬೆಂಕ್ಯಾಗ."

ಎಂಟನೆಯ ದಿನ, ಕಡೆಯ ದಿನ, ದಶರಥ ಖಾಕಿ ಅಂಗಿ ತೊಟ್ಟು ದವಾಖಾನೆಗೆ ಹೋದ. ಕಸ್ತೂರೆವ್ವ ಬೆನ್ನಿಗಿದ್ದಳು. ಅವನಿಗಿಂತ ಮೊದಲು ತೇರದಾಳದ ಒಬ್ಬ ಹುಡುಗನ ತಪಾಸಣೆ ನಡೆದಿತ್ತು; ಅವನಿಗೆ ಟಪಾಲು ಕಚೇರಿಯಲ್ಲಿ ಕೆಲಸವಂತೆ. ಡಾಕ್ಟರ್ ಸಾಹೇಬರು ಅವನನ್ನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ನಾಡಿ ಹಿಡಿದು, ಎದೆಗೆ ನಳಿಗೆ ಇಟ್ಟು, ಮನೆಯವರ ಕ್ಷೇಮ ಕೇಳಿ, ಕಾಗದ ಬರೆದುಕೊಟ್ಟರು.

ದಶರಥನ ಸರದಿ ಬಂದಾಗ ಅವರು ಸ್ಟೂಲಿನ ಕಡೆ ನೋಡಲಿಲ್ಲ. "ಅಲ್ಲೇ ಅಂಗಳದಾಗ ನಿಂದ್ರು" ಎಂದರು. ದವಾಖಾನೆಯ ಜವಾನ, ಪಟ್ಟೇವಾಲ, ಬಾಗಿಲಲ್ಲಿ ನಿಂತು ಕೆಂಪು, ಹಸಿರು ಬಟ್ಟೆ ಎತ್ತಿ ತೋರಿಸಿದ. ದಶರಥ ತಟಕ್ಕನೆ ಹೇಳಿದ. ಹನ್ನೊಂದು ವರ್ಷ ಸಿಗ್ನಲ್ ನೋಡಿದ ಕಣ್ಣು ಅವು.

"ಓಡಿದ್ರ ದಮ್ಮ ಹತ್ತತೈತೇನು?"

"ಇಲ್ರಿ."

ನಾಡಿ, ಎದೆ ಎಲ್ಲ ಅಷ್ಟಕ್ಕೇ ಮುಗಿಯಿತು. ಕಿವಿಯ ತಪಾಸಣೆಗೆಂದು ಡಾಕ್ಟರ್ ಕೂತಲ್ಲಿಂದಲೇ ಏನೋ ಪಿಸುಗುಟ್ಟಿದರು. ರಸ್ತೆಯಲ್ಲಿ ಬೆಲ್ಲದ ಗಾಡಿಗಳು ಮಹಾಲಿಂಗಪುರದ ಕಡೆ ಹೊರಟಿದ್ದವು, ಗಾಲಿ ಕಿರುಗುಟ್ಟುತ್ತಿದ್ದವು. ದಶರಥನ ಕಿವಿಯಲ್ಲಿ ಜೀರುಂಡೆ ಬೇರೆ.

"ಏನಂದ್ರಿ ಸಾಹೇಬ್ರ?"

ಮತ್ತೊಮ್ಮೆ ತುಟಿ ಅಲುಗಿದವು. ಏನೂ ಕೇಳಿಸಲಿಲ್ಲ.

"ಕಿವುಡ ಅದಾನ. ನಾಲಾಯಕ್" ಎಂದು ಡಾಕ್ಟರ್ ಲೇಖಣಿ ಎತ್ತಿಕೊಂಡರು.

ಪೀರಸಾಬನ ಮಾತು ನೆನಪಿತ್ತು. ಆದರೆ ಸುಮ್ಮನಿದ್ದರೂ ಬೆಂಕಿ, ಬಾಯಿ ಬಿಟ್ಟರೂ ಬೆಂಕಿ. ಹಾಗಿದ್ದರೆ ಬಾಯಿ ಬಿಟ್ಟೇ ಸುಡಲಿ ಅನ್ನಿಸಿತು.

"ಕಿವುಡ ಅಲ್ರಿ ಸಾಹೇಬ್ರ! ಕ್ವಿನೈನ್ ಕುಡದೇನ್ರಿ. ನಿಮ್ಮ ದವಾಖಾನೀದs. ಕುಡ್ಯಾಕ ಹತ್ತಿದಾಗಿಂದ ಕಿವಿ ಗುಂಯ್ ಅಂತಾವ."

"ಹೊತ್ತಿಗಿ ಎಷ್ಟ ಕುಡದಿ?" ಡಾಕ್ಟರ್ ಈಗ ಗಟ್ಟಿಯಾಗಿ ಕೇಳಿದರು.

"ಅರ್ಧಾ ಬಾಟ್ಲಿ."

"ಅರ್ಧಾ ಬಾಟ್ಲಿ? ದನಾ ಅದೀ ಏನಲೇ? ಮೂರ ಹೊತ್ತಿಂದು ಒಮ್ಮೆಕೇ! ಪಟ್ಟಿ ಮ್ಯಾಲ ಕಚ್ಚ ಇರತಾವಲ್ಲ, ಕಣ್ಣ ಇದ್ದಿಲ್ಲೇನ?"

"ನನ್ನ ಬಾಟ್ಲಿಗಿ ಪಟ್ಟಿ ಇದ್ದಿಲ್ರಿ."

ಡಾಕ್ಟರ್ ಅಂದಾನೆಪ್ಪನ ಕಡೆ ತಿರುಗಿದರು. ಅವನು ಪಂಚೆಯ ತುದಿ ತಿರುವುತ್ತ ನಿಂತ. "ಅದನ್ನ... ಕೈಯಾಗ ಹಿಡೀಬೇಕಾಗತೈತಲ್ರಿ ಸಾಹೇಬ್ರ, ಹಚ್ಚಬೇಕಂದ್ರ."

ಡಾಕ್ಟರಿಗೆ ಉತ್ತರ ಸರಿಯೆನ್ನಿಸಿತೋ ಏನೋ, ಮತ್ತೆ ಕಾಗದಕ್ಕೆ ಬಗ್ಗಿದರು. "ಇನ್ನ ನಾಕೈದ ದಿನಕ್ಕ ಕಿವಿ ಸುದ್ದ ಆಕ್ಕಾವ ಹೋಗು."

"ಹಂಗಂತ ಬರೀರಿ. ನಾಳೆ ಗಾಡಿ ಕೊಡ್ರಿ ಅನ್ನಂಗಿಲ್ಲ ನಾ. ಕಿವಿ ಕೇಳ್ದಾಂವ ಗಾಡಿ ಹೊಡದ್ರ ಮಂದಿ ಸಾಯ್ತಾರ, ನನಗೂ ತಿಳೀತೈತಿ. ಔಷಧದಿಂದ ಹಿಂಗಾಗೇತಿ, ಎಂಟ ದಿನ ಬಿಟ್ಟ ಮತ್ತ ನೋಡ್ರಿ ಅಂತ ಬರೀರಿ. ಪಟ್ಟಿ ಹಚ್ಚಲಿಲ್ಲ ಅನ್ನೂದನ್ನೂ ಬರೀರಿ."

"ನನಗ ಬರಿಯೂದ ಕಲಸಾಕ ಬಂದೀ ಏನಲೇ, ಹೊಲ್ಯಾ?" ಡಾಕ್ಟರ ಲೇಖಣಿ 'ನಾಲಾಯಕ್' ಬರೆಯತೊಡಗಿತು.

ಹನ್ನೊಂದು ವರ್ಷದ ಬೆಂಕಿ ದಶರಥನ ನೆತ್ತಿಗೇರಿತು. ಅವನು ಮೆಟ್ಟಿಲು ಹತ್ತಿದ. ಹೊಸ್ತಿಲು ದಾಟಿದ. ಪಟ್ಟೇವಾಲ ಮೈಲಿಗೆಗೆ ಹೆದರಿ ತಾನೇ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ದಶರಥ ಹೋಗಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ.

ಕಟ್ಟೆಯ ಮೇಲಿನವರೆಲ್ಲ ದಡಬಡ ಎದ್ದು ನಿಂತರು.

"ಏಳಲೇ ಸೂಳಿಮಗನ! ಯಾರ ಅದೀರಿ ಅಲ್ಲೆ? ಇವನ್ನ ಎಳದ ಹೊರಗ ಹಾಕ್ರಿ!" ಡಾಕ್ಟರ್ ಕೂಗಿದರು.

ಯಾರೂ ಕದಲಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕು. ಪಟ್ಟೇವಾಲ ಅಂದಾನೆಪ್ಪನ ಮುಖ ನೋಡಿದ, ಅಂದಾನೆಪ್ಪ ಪಟ್ಟೇವಾಲನ ಮುಖ ನೋಡಿದ.

"ಬರ್ರಿ" ಎಂದ ದಶರಥ. "ರಟ್ಟಿ ಹಿಡದ ಎಬ್ಬಸ್ರಿ. ಏಳ್ತೇನಿ."

ಅಂದಾನೆಪ್ಪ ಬಾಗಿಲ ಸಂದಿಯಿಂದ ಬಡಿಗೆ ತಂದು ಅವನ ಭುಜಕ್ಕೆ ತಿವಿದ. ದಶರಥ ಬಡಿಗೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡ. ಅಷ್ಟೇ, ಅಂದಾನೆಪ್ಪ ಕೆಂಡ ಮುಟ್ಟಿದವನಂತೆ ಕೈಬಿಟ್ಟ. ದಶರಥ ಬಡಿಗೆಯನ್ನು ನೆಲಕ್ಕೆ ಬಿಸುಟ. ಅಂಗಳದಲ್ಲಿ ಕಸ್ತೂರೆವ್ವ ಗಟ್ಟಿಯಾಗಿ ನಕ್ಕುಬಿಟ್ಟಳು. ಹೆದರಿಕೆಗೋ ಸಂತೋಷಕ್ಕೋ ಅವಳಿಗೇ ಗೊತ್ತಿರಲಿಲ್ಲ.

"ಫೌಜದಾರನ್ನ ಕರಸ್ತೇನಿ!" ಡಾಕ್ಟರ್ ಗುಡುಗಿದರು.

"ಕರಸ್ರಿ. ಅಂವಾ ಕೈಗಿ ಬೇಡಿ ಹಾಕೂ ಮುಂದಾದ್ರೂ ಮುಟ್ಟತಾನಲ್ಲ!"

ದಶರಥ ಖಾಕಿ ಅಂಗಿಯ ತೋಳು ಮೇಲೆ ಸರಿಸಿ, ಕಲ್ಲಿದ್ದಲಿನ ಮಸಿ ಚರ್ಮದೊಳಗೇ ಇಳಿದಿದ್ದ ಬಲಗೈಯನ್ನು ಮೇಜಿನ ಮೇಲೆ, ಅರ್ಧ ಬರೆದ ಕಾಗದದ ಮೇಲೆ, ಅಂಗಾತ ಇಟ್ಟ. ಡಾಕ್ಟರ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ತಾಗಿತು. ಇನ್ನು ಹಿಂದೆ ಸರಿಯಲು ಜಾಗ ಇರಲಿಲ್ಲ.

"ಮೊದ್ಲ ನಾಡಿ ಹಿಡೀರಿ ಸಾಹೇಬ್ರ" ಎಂದ ದಶರಥ. "ಆಮ್ಯಾಲ ಬರೀರಿ."