ಟಿವಿಗಿಂತ ಅರ್ಧ ನಿಮಿಷ ಮುಂದೆ

ಗೆಳೆಯ ವೆಂಡೆಲ್‌ನ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವಾಗ ನನಗೊಂದು ಕಟ್ಟಪ್ಪಣೆ: ಬಾಯಿ ಬಿಡಕೂಡದು. ಯಾವ ಕಾಲೇಜು ಗೆಲ್ಲುತ್ತದೆ ಎಂಬುದರ ಮೇಲೆ ಫೋನಿನಲ್ಲಿ ಷೇರು ಕೊಳ್ಳುವ ಚಟ ನನ್ನದು. ಗೆದ್ದರೆ ಷೇರಿಗೆ ನೂರು ಸೆಂಟು, ಸೋತರೆ ಸೊನ್ನೆ. ಅಂಕಣದ ಬದಿಯಲ್ಲಿ ಕೂತವರು ಕಣ್ಣಿಗೆ ಕಂಡದ್ದೇ ತಡ ಕೊಂಡು ಮಾರುತ್ತಾರೆ, ನನ್ನ ಫೋನಿನಲ್ಲಿ ಬೆಲೆ ಆ ಕ್ಷಣವೇ ಏರುತ್ತದೆ ಇಲ್ಲವೇ ಇಳಿಯುತ್ತದೆ. ಅದೇ ಆಟ ಇವನ ಟಿವಿಗೆ ಬರುವುದು ಅರ್ಧ ನಿಮಿಷ ತಡವಾಗಿ.

"ಲೋವೆಲ್, ನಿನ್ನ ಮುಸುಡಿ ನೋಡಿದ್ರೇ ಸ್ಕೋರು ಗೊತ್ತಾಗುತ್ತೆ ಕಣೋ. ಸೋಫಾ ಹಿಂದೆ ಕೂತ್ಕೋ," ಎನ್ನುತ್ತಾನೆ.

ಆ ಶನಿವಾರ ಮಧ್ಯಾಹ್ನ ಅವನಿಗೆ ತಮಾಷೆಯೂ ಬೇಡವಾಗಿತ್ತು. ಅವನ ಮೊಮ್ಮಗಳು ಕೆಂಡ್ರಾ ನಮ್ಮೂರ ಕಾಲೇಜಿನ ಆಟಗಾರ್ತಿ. ಎರಡು ಸಲ ಮಂಡಿ ಕುಯ್ಸಿಕೊಂಡ ಹುಡುಗಿ, ಇದು ಕೊನೆಯ ವರ್ಷ. ಸೋತ ತಂಡ ಪಂದ್ಯಾವಳಿಯಿಂದಲೇ ಹೊರಗೆ, ಹಾಗಾಗಿ ಸೋತರೆ ಅವಳ ಆಟ ಅಂದಿಗೇ ಮುಗಿಯಿತು. ವೆಂಡೆಲ್ ತಟ್ಟೆಯಲ್ಲಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ ಮುಟ್ಟಿರಲಿಲ್ಲ; ಅವನ ನಾಯಿ ಅದರ ಮೇಲೇ ಕಣ್ಣಿಟ್ಟು ಕೂತಿತ್ತು.

ನಾನು ನಮ್ಮವರ ಇನ್ನೂರು ಷೇರು ಕೊಂಡಿದ್ದೆ. ಟಿವಿಯಲ್ಲಿ ಮುಕ್ಕಾಲು ನಿಮಿಷ ಬಾಕಿ, ಒಂದೇ ಅಂಕ ಹಿಂದೆ, ಚೆಂಡು ನಮ್ಮ ಕೈಲಿ. ಫೋನಿನಲ್ಲಿ ಬೆಲೆ ನಲವತ್ತೆಂಟು ಸೆಂಟು. ಇದ್ದಕ್ಕಿದ್ದಂತೆ ಹನ್ನೊಂದಕ್ಕೆ ಬಿತ್ತು.

"ಅಯ್ಯೋ!" ಅಂದುಬಿಟ್ಟೆ. ಹಾಳು ಬಾಯಿ! ಬೆರಳೂ ಸುಮ್ಮನಿರದೆ ಅಷ್ಟನ್ನೂ ಮಾರಿಬಿಟ್ಟಿತು.

ವೆಂಡೆಲ್ ತಿರುಗಿ ನೋಡಲಿಲ್ಲ. "ಚೆಂಡು ಹೋಯ್ತಾ?"

ನಾನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದೆ.

"ಆ ಮಗು ಅಳೋದನ್ನ ನನ್ನ ಕೈಲಿ ನೋಡಕ್ಕಾಗಲ್ಲಪ್ಪ," ಎಂದು ಎದ್ದು ಹೊರಗೆ ಜಗಲಿಗೆ ಹೋದ. ಬೈದಿದ್ದರೂ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಫೋನು ನೋಡಿದರೆ ತೊಂಬತ್ತೆಂಟು!

ಏನಾಯಿತೋ ಗೊತ್ತಿಲ್ಲ, ಆದದ್ದಂತೂ ಒಳ್ಳೆಯದೇ. ಇನ್ನರ್ಧ ನಿಮಿಷದಲ್ಲಿ ಟಿವಿಗೆ ಬರುತ್ತದೆ. ಸೊಂಟದ ಆಪರೇಷನ್ ಆದಮೇಲೆ ಮೊದಲ ಸಲ ಓಡಿದೆ.

"ಒಳಗೆ ಬಾರೋ!"

"ಬರಲ್ಲ ಹೋಗೋ."

"ನಿನ್ನ ದಮ್ಮಯ್ಯ ಅಂತೀನಿ, ಬಾ!"

"ಯಾಕೆ? ಏನಾಯ್ತು?"

ಹೇಳಿದರೆ ಎಲ್ಲ ಕೆಟ್ಟೀತು. "ನಿನ್ನ ಸ್ಯಾಂಡ್‌ವಿಚ್ ನಾಯಿ ತಿಂತಿದೆ!" ಎಂದೆ.

ನಾಯಿಗೂ ನನಗೂ ಸೇರಿಸಿ ಶಾಪ ಹಾಕುತ್ತಾ ಒಳಗೆ ಬಂದ. ಟಿವಿಯಲ್ಲಿ ಚೆಂಡು ಎದುರಾಳಿಗಳ ಕೈಲಿತ್ತು. ಕೆಂಡ್ರಾ ಕೈ ಚಾಚಿ ಕಿತ್ತುಕೊಂಡಳು. ಅದೇ ಮಂಡಿಯ ಮೇಲೆ ಅಂಕಣದುದ್ದಕ್ಕೂ ಒಬ್ಬಳೇ ಓಡಿ ಚೆಂಡನ್ನು ಬಲೆಗೆ ಹಾಕಿದಳು. ಆಟ ಮುಗಿಯಿತು, ಒಂದಂಕದಿಂದ ನಮ್ಮವರೇ ಗೆದ್ದರು.

ವೆಂಡೆಲ್ ಬಾಗಿಲಲ್ಲೇ ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅತ್ತ. ನಾನೂ ಅತ್ತೆ, ನಾಚಿಕೆಯೇನು.

ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: "ಭರ್ಜರಿ ಲಾಭ ಬಂತೇನೋ?"

"ಮಾರ್ಬಿಟ್ಟಿದ್ದೆ."

"ಎಷ್ಟಕ್ಕೆ?"

"ಹನ್ನೊಂದಕ್ಕೆ."

ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಮೊಮ್ಮಗಳನ್ನ ಹನ್ನೊಂದು ಸೆಂಟಿಗೆ ಮಾರಿದ್ಯಾ, ದರಿದ್ರದವನೇ!" ಎಂದು ಬೈಯುತ್ತಲೇ ಪಕ್ಕೆಲುಬು ನೋಯುವಷ್ಟು ಬಿಗಿಯಾಗಿ ನನ್ನನ್ನು ತಬ್ಬಿಕೊಂಡ.