ಮೂರನೆಯ ನಂಬರಿನ ಜಲಾಂತರ್ಗಾಮಿ

ನಾನು ಒಂದು ಜಲಾಂತರ್ಗಾಮಿ. ಹೆಸರಿಲ್ಲ, ಬರೀ ನಂಬರು ಮೂರು. ಮೊದಲ ಮಹಾಯುದ್ಧಕ್ಕೆ ಎಂಟು ವರ್ಷ ಮುಂಚೆ, ಯುರೋಪಿನ ಉತ್ತರದ ಕಡಲ ದಡದಲ್ಲಿ, ಒಂದೇ ನಕ್ಷೆಯಿಂದ ನಾವು ಐವರು ಅಕ್ಕತಂಗಿಯರು ಹುಟ್ಟಿದೆವು. ನೀರಿಗಿಳಿಸಿದ ದಿನ ಬ್ಯಾಂಡು ಬಾರಿಸಿದರು, ಟೋಪಿ ಹಾರಿಸಿದರು. ನಮ್ಮ ಹೊಟ್ಟೆಯೊಳಗೆ ಏನಿದೆಯೆಂದು ಒಬ್ಬನೂ ಮೂಸಿ ನೋಡಲಿಲ್ಲ.

ಏನಿತ್ತು ಅನ್ನುತ್ತೀರಾ? ಪೆಟ್ರೋಲಿನ ಎಂಜಿನ್ನು. ಅದರ ಘಾಟಿನಲ್ಲೇ ಹನ್ನೊಂದು ಜನ ಉಣ್ಣಬೇಕು, ಮಲಗಬೇಕು, ಎಲ್ಲರೆದುರೇ ಬಕೆಟ್ಟಿನ ಮೇಲೆ ಕೂರಬೇಕು. ಥೂ! ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಯುದ್ಧ ಬಂತು. ಅಷ್ಟರಲ್ಲಿ ನಾವು ಮುದುಕಿಯರು, ಆದರೂ ಅಟ್ಟಿದರು. ಮೊದಲನೆಯವಳು ನೀರಿನಲ್ಲಿ ಹುದುಗಿಸಿದ್ದ ಬಾಂಬಿಗೆ ತಗುಲಿ ಚೂರಾದಳು. ಎರಡನೆಯವಳನ್ನು ಶತ್ರುವೆಂದುಕೊಂಡು ನಮ್ಮದೇ ಹಡಗು ಹೊಡೆದು ಹಾಕಿತು. ನಾಲ್ಕನೆಯವಳು ಮುಳುಗಿದವಳು ಏಳಲೇ ಇಲ್ಲ. ಐದನೆಯವಳು ಮರಳಿನಲ್ಲಿ ಸಿಕ್ಕಿಕೊಂಡಳು, ಅಲ್ಲೇ ಬಿಟ್ಟು ಬಂದರು. ಶತ್ರುವಿನ ಒಂದು ದೋಣಿಯನ್ನಾದರೂ ಮುಳುಗಿಸಿದೆವಾ? ಇಲ್ಲ. ಪತ್ರಿಕೆಗಳಲ್ಲಿ ಮಾತ್ರ ನಾವು ವೀರರಾಣಿಯರು!

ಪೆಟ್ರೋಲ್ ಸೋರಿದರೆ ತಿಳಿಯಲೆಂದು ನಮ್ಮಲ್ಲಿ ಬಿಳಿ ಇಲಿ ಸಾಕುವ ಪದ್ಧತಿಯಿತ್ತು. ಘಾಟು ಮೊದಲು ತುಂಬುವುದು ಕೆಳಗೆ; ಹಾಗಾಗಿ ಪಂಜರ ಎಂಜಿನ್ನಿನ ಪಕ್ಕ ನೆಲದ ಮೇಲಿರಬೇಕು. ಇಲಿ ಕಿರುಚಿದರೆ ಎಲ್ಲರೂ ಹೊರಗೆ. ನಮ್ಮ ನಾವಿಕರಿಗೋ ಅದರ ಮೇಲೆ ಇಲ್ಲದ ಮುದ್ದು. "ಪಾಪ, ಉಸಿರು ಕಟ್ಟತ್ತೆ ಅದಕ್ಕೆ" ಎಂದು ಪಂಜರವನ್ನು ಮೇಲುಬಾಗಿಲ ಹತ್ತಿರ ತಣ್ಣನೆ ಗಾಳಿಗೆ ನೇತುಹಾಕಿದರು. ಬಿಸ್ಕತ್ತು ತಿಂದು ತಿಂದು ಇಲಿ ದುಂಡಗಾಯಿತು.

ಒಂದು ಬೆಳಿಗ್ಗೆ ಹೊರಡುವ ಹೊತ್ತಿಗೆ ಎಂಜಿನ್ ನೋಡಿಕೊಳ್ಳುವ ಹೊರೇಸ್ ಪಿಮ್ ಕೊಳವೆಗೆ ಮೂಗು ಹಚ್ಚಿದ.

"ಎಲ್ಲೋ ಸೋರ್ತಿದೆ ಸಾರ್. ಒಂದು ಗಂಟೆ ಕೊಡಿ. ಈಗ ಶುರು ಮಾಡಿದ್ರೆ ಒಬ್ರೂ ಉಳಿಯಲ್ಲ."

ಕಪ್ತಾನ ಲಾರ್ಕಿನ್ ಮೇಲಿನಿಂದಲೇ ಬಗ್ಗಿದ. "ಇಲಿ ಆರಾಮಾಗಿದೆಯಲ್ಲಯ್ಯಾ!"

"ಇಲಿ ನಿಮ್ಮ ಪಕ್ಕ ಇದೆ ಸಾರ್. ನಾವು ಪೆಟ್ರೋಲ್ ಪಕ್ಕ ಇದ್ದೀವಿ."

"ಪುಕ್ಕಲ! ದೊಡ್ಡ ಅಧಿಕಾರಿಗಳು ದಡದಲ್ಲಿ ಕಾಯ್ತಿದ್ದಾರೆ. ಶುರು ಮಾಡು, ಇಲ್ಲಾಂದ್ರೆ ಜೈಲಿಗೆ ನಡಿ."

ತಾನು ಒಲ್ಲೆನೆಂದರೆ ಕಪ್ತಾನ ಇನ್ನೊಬ್ಬನ ಕೈಯಲ್ಲಿ ಮಾಡಿಸುತ್ತಾನೆಂದು ಪಿಮ್‌ಗೆ ಗೊತ್ತಿತ್ತು. ಉಳಿದ ಒಂಬತ್ತು ಜನರತ್ತ ತಿರುಗಿ, "ಮೇಲೆ ಹಗ್ಗ ಬಿಚ್ಚೋಕೆ ಕೈ ಸಾಲದಂತೆ, ಹೋಗ್ರೋ" ಎಂದ. ಅದು ಸುಳ್ಳೆಂದು ಅವರಿಗೂ ತಿಳಿದಿತ್ತು; ಹತ್ತುವಾಗ ಒಬ್ಬ ಪಂಜರವನ್ನು ಮರೆಯದೆ ಎತ್ತಿಕೊಂಡ. ಪಿಮ್ ಒಬ್ಬನೇ ನಿಂತು ಎಂಜಿನ್ ತಿರುವಿದ. ಕಿಡಿ ಹಾರಿತು. ನನ್ನ ಹೊಟ್ಟೆಯೆಲ್ಲ ಹೊತ್ತಿ ಉರಿಯಿತು. ಅವನು ಹೊರಗೆ ಬರಲಿಲ್ಲ.

ವಿಚಾರಣೆ ನಡೆಯಿತು. ತನ್ನವರನ್ನೆಲ್ಲ ಜಾಗ ಬಿಡಿಸಿ, ಒಬ್ಬನೇ ಏನೋ ಕೈಯಾಡಿಸಿ ಅನಾಹುತ ಮಾಡಿದನೆಂದು ಪಿಮ್‌ನ ಮೇಲೆ ಬರೆದರು. ಆ ಒಂಬತ್ತು ಜನ? ತಲೆ ತಗ್ಗಿಸಿ ಸಹಿ ಹಾಕಿದರು. ಲಾರ್ಕಿನ್‌ಗೆ ಬಡ್ತಿ. ಮನುಷ್ಯಜಾತಿಯ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಅಂದೇ.

ಈಗ ಗುಜರಿ ಕಟ್ಟೆಯಲ್ಲಿ ಬಿದ್ದಿದ್ದೇನೆ, ನಾಳೆ ಕೊಯ್ಯುತ್ತಾರೆ. ಇವತ್ತು ಪಿಮ್‌ನ ಹೆಂಡತಿ ವಿನಿಫ್ರೆಡ್ ಬಂದಿದ್ದಳು. ಕಟ್ಟೆಯ ಮೇಸ್ತ್ರಿ, "ನಿಮ್ಮ ಯಜಮಾನ್ರಿಂದ ಏನೋ ತಪ್ಪಾಯ್ತಂತಲ್ಲಮ್ಮಾ?" ಎಂದ.

"ಹೌದಂತಪ್ಪಾ. ಅಷ್ಟು ಜನ ಸುಳ್ಳು ಹೇಳ್ತಾರಾ?" ಎಂದಳು.

ಒಳಗಿಳಿದು ಬಂದು, ನನ್ನ ಸುಟ್ಟ ಗೋಡೆಯ ಮೇಲೆ ಕೈಯಿಟ್ಟು, "ನಮ್ಮವರದು ತಪ್ಪಾಯ್ತು, ಹೊಟ್ಟೇಲಿ ಹಾಕ್ಕೋ" ಎಂದು ನನ್ನ ಕ್ಷಮೆ ಕೇಳಿ ಹೋದಳು.